ಮೆಲುದನಿಯಲ್ಲಿ ಮಾತಾಡುವ ಕಾಯಿಲೆ

ಡಿಎನ್‌ಎ ಎಂದೊಡನೆ ವಿದ್ಯಾರ್ಥಿಗಳ ಕಣ್ಣ ಮುಂದೆ ಬರುವುದು ತಿರುಚಿದ ಏಣಿಯ ಚಿತ್ರ. ಪಿಯುಸಿ ಓದುವಾಗ ಅದನ್ನು ಒಮ್ಮೆಯಾದರೂ ಬರೆದು ಭಾಗಗಳನ್ನು ಗುರುತಿಸದವರು ವಿರಳ. ಈ ಏಣಿಯ ಗುಟ್ಟನ್ನು ಬಿಡಿಸಲು ನೆರವಾದ ಒಂದು ಕ್ಷ-ಕಿರಣ ಚಿತ್ರವಿದೆ. ‘ಫೋಟೋ ೫೧’ ಎಂದು ಅದರ ಹೆಸರು. ೧೯೫೨ರ ಮೇ ತಿಂಗಳಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಅದನ್ನು ತೆಗೆದವರು ರೋಸಲಿಂಡ್ ಫ್ರಾಂಕ್ಲಿನ್ ಮತ್ತು ಅವರ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್. ಹತ್ತು ವರ್ಷಗಳ ನಂತರ, ೧೯೬೨ರಲ್ಲಿ, ಡಿಎನ್‌ಎ ರಚನೆಗಾಗಿ ನೊಬೆಲ್ ಪ್ರಶಸ್ತಿ ಪ್ರಕಟವಾದಾಗ ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಎಂಬ ಮೂವರ ಹೆಸರಿತ್ತು. ಫ್ರಾಂಕ್ಲಿನ್ ಆಗ ಬದುಕಿರಲಿಲ್ಲ. ೧೯೫೮ರಲ್ಲೇ, ಮೂವತ್ತೇಳನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡಿದ್ದರು. ಕಾರಣ ಅಂಡಾಶಯದ ಕ್ಯಾನ್ಸರ್.

ಪ್ರಶಸ್ತಿಯ ಕಥೆ ಬಹಳಷ್ಟು ಜನರಿಗೆ ಗೊತ್ತು. ಕಾಯಿಲೆಯ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ಹೆಣ್ಣುಮಕ್ಕಳಿರುವ ಪ್ರತಿಯೊಂದು ಮನೆಯಲ್ಲೂ ತಿಳಿದಿರಬೇಕಾದದ್ದು ಈ ಎರಡನೆಯ ಕಥೆ.

ಬಿಗಿಯಾದ ಉಡುಪು

೧೯೫೬ರ ಬೇಸಿಗೆಯಲ್ಲಿ ಫ್ರಾಂಕ್ಲಿನ್ ಅಮೆರಿಕದ ಪ್ರವಾಸದಲ್ಲಿದ್ದರು. ಡಿಎನ್‌ಎ ಕೆಲಸ ಬಿಟ್ಟು, ಲಂಡನ್ನಿನ ಬರ್ಕ್‌ಬೆಕ್ ಕಾಲೇಜು ಸೇರಿ, ತಂಬಾಕಿನ ಎಲೆಗೆ ರೋಗ ತರುವ ವೈರಸ್ಸಿನ ರಚನೆಯನ್ನು ಆಗ ಅವರು ಅಭ್ಯಸಿಸುತ್ತಿದ್ದರು. ಬೆಟ್ಟ ಹತ್ತುವುದೆಂದರೆ ಅವರಿಗೆ ಅಚ್ಚುಮೆಚ್ಚು, ಆರೋಗ್ಯವಂತೆ. ಪ್ರವಾಸದ ನಡುವೆ ಹೊಟ್ಟೆಯಲ್ಲಿ ನೋವು ಕಾಣಿಸಿತು. ಸೊಂಟದ ಬಳಿ ಉಡುಪು ಬಿಗಿಯಾಗತೊಡಗಿತು. ಊರಿಗೆ ಮರಳಿದ ಮೇಲೆ ವೈದ್ಯರಲ್ಲಿಗೆ ಹೋದರು. ಸೆಪ್ಟೆಂಬರ್ ಮೊದಲ ವಾರದಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಹೊಟ್ಟೆಯೊಳಗೆ ಎರಡು ಗಡ್ಡೆಗಳಿದ್ದವು.

ಆ ನಂತರ ಅವರು ಬದುಕಿದ್ದು ಹತ್ತೊಂಬತ್ತು ತಿಂಗಳು. ಆ ಅವಧಿಯನ್ನು ಅವರು ಕಳೆದ ರೀತಿ ಗಮನಾರ್ಹ. ಆಸ್ಪತ್ರೆಯಿಂದ ಬಂದು ಬಂಧುಗಳ, ಸ್ನೇಹಿತರ ಮನೆಗಳಲ್ಲಿ ಸುಧಾರಿಸಿಕೊಂಡರು. ಹಾಗೆ ಉಪಚರಿಸಿದವರಲ್ಲಿ ಫ್ರಾನ್ಸಿಸ್ ಕ್ರಿಕ್ ದಂಪತಿಯೂ ಇದ್ದರು. ಚೇತರಿಸಿಕೊಂಡೊಡನೆ ಮತ್ತೆ ಪ್ರಯೋಗಶಾಲೆ. ಅದಿದ್ದುದು ಒಂದು ಹಳೆಯ ಮನೆಯಲ್ಲಿ. ಯಂತ್ರಗಳು ನೆಲಮಾಳಿಗೆಯಲ್ಲಿ, ಅವರ ಕೋಣೆ ಮೇಲಂತಸ್ತಿನಲ್ಲಿ. ಆ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಲೇ ಕೆಲಸ ಸಾಗಿತು. ಅವರ ತಂಡ ೧೯೫೬ರಲ್ಲಿ ಏಳು ಮತ್ತು ೧೯೫೭ರಲ್ಲಿ ಆರು ಸಂಶೋಧನ ಲೇಖನಗಳನ್ನು ಪ್ರಕಟಿಸಿತು. ಪೋಲಿಯೊ ವೈರಸ್ಸಿನ ಅಧ್ಯಯನಕ್ಕೂ ಅವರು ಕೈಹಾಕಿದರು. ೧೯೫೭ರ ಕೊನೆಗೆ ಕಾಯಿಲೆ ಮರುಕಳಿಸಿತು. ಡಿಸೆಂಬರಿನಲ್ಲಿ ಉಯಿಲು ಬರೆದು, ಕಿರಿಯ ಸಹೋದ್ಯೋಗಿ ಏರನ್ ಕ್ಲುಗ್ ಅವರಿಗೆ ಮೂರು ಸಾವಿರ ಪೌಂಡು ಹಣವನ್ನೂ ತಮ್ಮ ಕಾರನ್ನೂ ಬಿಟ್ಟರು. ಜನವರಿಯಲ್ಲಿ ಮತ್ತೆ ಕೆಲಸಕ್ಕೆ ಬಂದರು! ೧೯೫೮ರ ಏಪ್ರಿಲ್ ೧೬ರಂದು ಲಂಡನ್ನಿನ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಮರುದಿನ ಬ್ರಸೆಲ್ಸ್‌ನಲ್ಲಿ ಆರಂಭವಾದ ವಿಶ್ವ ಪ್ರದರ್ಶನದಲ್ಲಿ ಅವರು ಸಿದ್ಧಪಡಿಸಿದ್ದ ವೈರಸ್ಸಿನ ಆಳೆತ್ತರದ ಮಾದರಿ ಜನರ ಮುಂದಿತ್ತು. ಕ್ಲುಗ್ ಅದೇ ಹಾದಿಯ ಕೆಲಸವನ್ನು ಮುಂದುವರಿಸಿ ೧೯೮೨ರಲ್ಲಿ ನೊಬೆಲ್ ಪಡೆದರು.

ಇಂಥ ಆರೋಗ್ಯವಂತೆಯ ದೇಹದಲ್ಲಿ, ವಿಜ್ಞಾನಿಯ ಕಣ್ಣಿಗೂ ಬೀಳದಂತೆ, ಕಾಯಿಲೆ ಅಷ್ಟು ಬೆಳೆದದ್ದು ಹೇಗೆ?

ಅಡಗುತಾಣ

ಅಂಡಾಶಯಗಳು ಎರಡು. ಗರ್ಭಕೋಶದ ಎಡಕ್ಕೊಂದು, ಬಲಕ್ಕೊಂದು. ಪ್ರತಿಯೊಂದೂ ಸುಮಾರು ಬಾದಾಮಿಯ ಗಾತ್ರದ್ದು. ಸ್ತನದ ಗಂಟು ಕೈಗೆ ಸಿಗುತ್ತದೆ. ಬಾಯಿಯ ಹುಣ್ಣು ಕಣ್ಣಿಗೆ ಬೀಳುತ್ತದೆ. ಗರ್ಭಕೋಶದ ಕೊರಳಿನಿಂದ ಜೀವಕೋಶಗಳನ್ನು ಸುಲಭವಾಗಿ ತೆಗೆದು ಪರೀಕ್ಷಿಸಬಹುದು. ಅದೇ ಪ್ಯಾಪ್ ಪರೀಕ್ಷೆ. ಅಂಡಾಶಯ ಮಾತ್ರ ಕಿಬ್ಬೊಟ್ಟೆಯ ಆಳದಲ್ಲಿ ಕುಳಿತಿದೆ. ಸುತ್ತಲೂ ಬೇಕಾದಷ್ಟು ಜಾಗ. ಅಲ್ಲಿ ಗಡ್ಡೆ ಬೆಳೆದರೆ ಬಹಳ ದಿನ ಯಾವುದಕ್ಕೂ ಒತ್ತುವುದಿಲ್ಲ, ನೋಯುವುದಿಲ್ಲ.

ಇನ್ನೊಂದು ಸಂಗತಿಯಿದೆ. ಈ ಕ್ಯಾನ್ಸರಿನ ಬಹು ಸಾಮಾನ್ಯ ಬಗೆ ಹೆಚ್ಚಿನ ವೇಳೆ ಹುಟ್ಟುವುದು ಅಂಡಾಶಯಕ್ಕೆ ಅಂಟಿಕೊಂಡಂತಿರುವ ಅಂಡನಾಳದ ತುದಿಯಲ್ಲಿ ಎಂದು ಈಚಿನ ವರ್ಷಗಳಲ್ಲಿ ತಿಳಿದುಬಂದಿದೆ. ಅಲ್ಲಿಂದ ಉದುರುವ ರೋಗಕೋಶಗಳಿಗೆ ರಕ್ತನಾಳದ ದಾರಿಯೇ ಬೇಕಿಲ್ಲ. ಸಾಸಿವೆ ಚೆಲ್ಲಿದಂತೆ ಹೊಟ್ಟೆಯೊಳಗಿನ ಪೊರೆಯ ಮೇಲೆಲ್ಲ ಹರಡಿ ಅಲ್ಲಲ್ಲೇ ಬೇರೂರುತ್ತವೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ. ರೋಗಿಗೆ ಮೊದಲು ಅರಿವಾಗುವುದು ಈ ಹಂತದಲ್ಲಿ.

ಕಾಯಿಲೆ ಅಂಡಾಶಯದಲ್ಲೇ ಇರುವಾಗ ಪತ್ತೆಯಾದರೆ ಹತ್ತರಲ್ಲಿ ಒಂಬತ್ತು ಮಂದಿ ಐದು ವರ್ಷಗಳನ್ನು ದಾಟುತ್ತಾರೆ. ದೂರಕ್ಕೆ ಹರಡಿದ ಮೇಲಾದರೆ ಸುಮಾರು ಮೂವರಲ್ಲಿ ಒಬ್ಬರು. ಇವು ಅಮೆರಿಕದ ಅಂಕಿಗಳು. ದುರದೃಷ್ಟವೆಂದರೆ ಹೆಚ್ಚಿನವರಲ್ಲಿ ಪತ್ತೆಯಾಗುವುದು ಹರಡಿದ ಮೇಲೆಯೇ. ೨೦೨೨ರ ಅಂದಾಜಿನಂತೆ ಜಗತ್ತಿನಲ್ಲಿ ಒಂದು ವರ್ಷಕ್ಕೆ ಸುಮಾರು ೩ ಲಕ್ಷ ೨೪ ಸಾವಿರ ಮಹಿಳೆಯರಿಗೆ ಈ ಕ್ಯಾನ್ಸರ್ ಬರುತ್ತದೆ. ಅವರಲ್ಲಿ ಸುಮಾರು ೪೭ ಸಾವಿರ ಮಂದಿ ಭಾರತದವರು.

ಹಾಗಾದರೆ ಎಲ್ಲ ಮಹಿಳೆಯರಿಗೂ ವರ್ಷಕ್ಕೊಮ್ಮೆ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿದರಾಗದೆ? ಸಹಜವಾದ ಪ್ರಶ್ನೆ. ‘ಸಿಎ ೧೨೫’ ಎಂಬ ಪ್ರೋಟೀನು ಈ ರೋಗಿಗಳ ರಕ್ತದಲ್ಲಿ ಹೆಚ್ಚುತ್ತದೆಂದು ೧೯೮೦ರ ದಶಕದಲ್ಲಿ ತಿಳಿಯಿತು. ಆದರೆ ಗರ್ಭಿಣಿಯರಲ್ಲೂ ಹೊಟ್ಟೆಯ ಕ್ಷಯದಲ್ಲೂ ಅದು ಹೆಚ್ಚಬಹುದು. ಕ್ಯಾನ್ಸರಿದ್ದರೂ ಆರಂಭದಲ್ಲಿ ಹೆಚ್ಚದೆ ಇರಬಹುದು. ಬ್ರಿಟನ್ನಿನಲ್ಲಿ ೨೦೦೧ರಲ್ಲಿ ಆರಂಭಿಸಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ವರ್ಷಗಟ್ಟಲೆ ಹೀಗೆ ತಪಾಸಣೆ ಮಾಡಿ ನೋಡಿದರು. ೨೦೨೧ರಲ್ಲಿ ಬಂದ ಫಲಿತಾಂಶ ನಿರಾಶೆ ತಂದಿತು: ತಪಾಸಣೆಯಿಂದ ಸಾವಿನ ಸಂಖ್ಯೆ ಇಳಿದಿರಲಿಲ್ಲ. ಆದ್ದರಿಂದ ಲಕ್ಷಣಗಳಿಲ್ಲದ ಸಾಮಾನ್ಯ ಮಹಿಳೆಯರಿಗೆ ಈ ಪರೀಕ್ಷೆಯನ್ನು ಸಲಹೆ ಮಾಡುವುದಿಲ್ಲ.

ಪ್ಲಾಟಿನಮ್ ಮತ್ತು ಮರದ ತೊಗಟೆ

ಫ್ರಾಂಕ್ಲಿನ್ ಕಾಲದಲ್ಲಿ ವೈದ್ಯರ ಕೈಯಲ್ಲಿದ್ದ ಮುಖ್ಯ ಆಯುಧಗಳು ಶಸ್ತ್ರಚಿಕಿತ್ಸೆ ಮತ್ತು ವಿಕಿರಣ. ಔಷಧಿಯಿಂದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ವಿದ್ಯೆ ಇನ್ನೂ ಅಂಬೆಗಾಲಿಡುತ್ತಿತ್ತು. ಬದಲಾವಣೆ ಬಂದದ್ದು ಯಾರೂ ನಿರೀಕ್ಷಿಸದ ಮೂಲೆಯಿಂದ.

ಅಮೆರಿಕದ ಮಿಷಿಗನ್‌ನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ, ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ತಿನ ಪರಿಣಾಮವೇನೆಂದು ನೋಡುತ್ತಿದ್ದರು. ವಿದ್ಯುತ್ ಹರಿಸಿದಾಗ ಬ್ಯಾಕ್ಟೀರಿಯಾಗಳು ಒಡೆದು ಎರಡಾಗುವುದನ್ನು ನಿಲ್ಲಿಸಿ, ನೂಲಿನಂತೆ ಉದ್ದಕ್ಕೆ ಬೆಳೆಯತೊಡಗಿದವು. ವಿಚಾರಿಸಿದಾಗ ಇದು ವಿದ್ಯುತ್ತಿನ ಕೆಲಸವಲ್ಲ ಎಂದು ತಿಳಿಯಿತು. ವಿದ್ಯುದ್ವಾರ ಪ್ಲಾಟಿನಮ್ಮಿನದು, ಅದು ಸ್ವಲ್ಪ ಸ್ವಲ್ಪವೇ ಕರಗಿ ದ್ರಾವಣದಲ್ಲಿ ಹೊಸ ಸಂಯುಕ್ತವಾಗಿ ಮಾರ್ಪಟ್ಟಿತ್ತು. ೧೯೬೫ರಲ್ಲಿ ಇದು ಪ್ರಕಟವಾಯಿತು. ಬ್ಯಾಕ್ಟೀರಿಯಾದ ವಿಭಜನೆ ನಿಲ್ಲಿಸುವ ವಸ್ತು ಕ್ಯಾನ್ಸರ್ ಕೋಶದ ವಿಭಜನೆಯನ್ನೂ ನಿಲ್ಲಿಸೀತೇ? ನಿಲ್ಲಿಸಿತು. ‘ಸಿಸ್‌ಪ್ಲಾಟಿನ್’ ಎಂಬ ಈ ಔಷಧಿ ಡಿಎನ್‌ಎ ಏಣಿಗೆ ಅಂಟಿಕೊಂಡು, ಅದು ನಕಲಾಗದಂತೆ ಬೀಗ ಹಾಕುತ್ತದೆ.

ಇಲ್ಲಿ ಇತಿಹಾಸದ ಒಂದು ವಿಚಿತ್ರ ತಿರುವಿದೆ. ಸಿಸ್‌ಪ್ಲಾಟಿನ್ ಅಂಡಾಶಯದ ಕ್ಯಾನ್ಸರಿಗೆ ಫಲಕಾರಿ ಎಂದು ೧೯೭೦ರ ದಶಕದಲ್ಲಿ ತೋರಿಸಿದವರಲ್ಲಿ ಮುಖ್ಯರಾದ ಈವ್ ವಿಲ್ಟ್‌ಶಾ ಎಂಬ ವೈದ್ಯೆ ಕೆಲಸ ಮಾಡುತ್ತಿದ್ದುದು ರಾಯಲ್ ಮಾರ್ಸ್‌ಡನ್‌ನಲ್ಲಿ. ಫ್ರಾಂಕ್ಲಿನ್ ಕಣ್ಮುಚ್ಚಿದ ಆಸ್ಪತ್ರೆಯಲ್ಲೇ. ಸಿಸ್‌ಪ್ಲಾಟಿನ್ ವಿಪರೀತ ವಾಂತಿ ತರಿಸುತ್ತಿತ್ತು, ಮೂತ್ರಪಿಂಡಗಳಿಗೆ ಹಾನಿ ಮಾಡುತ್ತಿತ್ತು. ಅದರ ಸೌಮ್ಯ ತಮ್ಮನಂತಿರುವ ‘ಕಾರ್ಬೋಪ್ಲಾಟಿನ್’ ಅನ್ನು ರೋಗಿಗಳ ಮೇಲೆ ಮೊದಲು ಪರೀಕ್ಷಿಸಿದ್ದೂ ಅಲ್ಲಿಯೇ. ಹೀಗೆ ಆ ವಿಜ್ಞಾನಿ ಛಾಯಾಚಿತ್ರ ತೆಗೆದಿದ್ದ ಅಣುವೇ ಔಷಧಿಯ ಗುರಿಯಾಯಿತು. ಅವರ ಪಾಲಿಗೆ ಮಾತ್ರ ಅದು ಇಪ್ಪತ್ತು ವರ್ಷ ತಡವಾಗಿ ಬಂತು.

ಎರಡನೆಯ ಔಷಧಿ ಬಂದದ್ದು ಕಾಡಿನಿಂದ. ಪೆಸಿಫಿಕ್ ಯೂ ಎಂಬ ಮರದ ತೊಗಟೆಯಿಂದ ‘ಟ್ಯಾಕ್ಸಾಲ್’ ತೆಗೆದು, ೧೯೭೧ರಲ್ಲಿ ಅದರ ರಚನೆಯನ್ನು ಪ್ರಕಟಿಸಿದವರಲ್ಲಿ ಮನ್ರೋ ವಾಲ್ ಜೊತೆಗೆ, ಮಹಾರಾಷ್ಟ್ರದ ನಂದೂರಬಾರ್‌ನಲ್ಲಿ ಹುಟ್ಟಿದ ಮನ್ಸುಖ್ ವಾಣಿ ಮುಖ್ಯರು. ಕೋಶ ವಿಭಜನೆಯ ಪಾಠದಲ್ಲಿ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಕದಿರೆಳೆಗಳು ಬರುತ್ತವಲ್ಲ, ಟ್ಯಾಕ್ಸಾಲ್ ಅವುಗಳನ್ನು ಮರಗಟ್ಟಿಸಿಬಿಡುತ್ತದೆ. ಕೋಶ ಅರ್ಧದಲ್ಲೇ ಸಿಕ್ಕಿಬಿದ್ದು ಸಾಯುತ್ತದೆ. ನೂರು ವರ್ಷದ ಒಂದು ಮರದ ತೊಗಟೆಯೆಲ್ಲ ಸುಲಿದರೆ ಸಿಗುತ್ತಿದ್ದುದು ಹೆಚ್ಚುಕಡಿಮೆ ಒಂದು ಸಲಕ್ಕೆ ಬೇಕಾದಷ್ಟು ಔಷಧಿ! ಮುಂದೆ ಇನ್ನೊಂದು ಜಾತಿಯ ಯೂ ಮರದ ಎಲೆಗಳಿಂದ ಅದನ್ನು ತಯಾರಿಸುವ ವಿಧಾನ ಬಂದು ಮರಗಳೂ ಉಳಿದವು. ೧೯೯೨ರಲ್ಲಿ ಅಂಡಾಶಯದ ಕ್ಯಾನ್ಸರಿಗೆ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ದೊರೆಯಿತು.

ಇಂದಿನ ಚಿಕಿತ್ಸೆಯ ಬೆನ್ನೆಲುಬು ಇವೇ: ಗಡ್ಡೆಯನ್ನು ಆದಷ್ಟೂ ಪೂರ್ತಿಯಾಗಿ ತೆಗೆಯುವ ಶಸ್ತ್ರಚಿಕಿತ್ಸೆ, ಜೊತೆಗೆ ಕಾರ್ಬೋಪ್ಲಾಟಿನ್ ಮತ್ತು ಟ್ಯಾಕ್ಸಾಲ್. ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಆರು ಸಲ.

ಎರಡು ಬಾವಿಗಳ ಊರು

ಡಿಎನ್‌ಎ ದಿನವೂ ಅಲ್ಲಲ್ಲಿ ಮುರಿಯುತ್ತದೆ. ಜೀವಕೋಶ ಅದನ್ನು ದಿನವೂ ರಿಪೇರಿ ಮಾಡುತ್ತದೆ. ಈ ರಿಪೇರಿಯಲ್ಲಿ ‘ಬಿಆರ್‌ಸಿಎ’ ಹೆಸರಿನ ಎರಡು ಜೀನುಗಳಿಗೆ ದೊಡ್ಡ ಪಾತ್ರವಿದೆ. ಮೊದಲನೆಯದು ಹದಿನೇಳನೆಯ ವರ್ಣತಂತುವಿನಲ್ಲಿದೆ ಎಂದು ಮೇರಿ ಕ್ಲೇರ್ ಕಿಂಗ್ ೧೯೯೦ರಲ್ಲಿ ತೋರಿಸಿದರು. ಇದು ಕೆಟ್ಟು ವಂಶಪಾರಂಪರ್ಯವಾಗಿ ಬಂದರೆ ಅಂಡಾಶಯದ ಕ್ಯಾನ್ಸರಿನ ಸಂಭವ ಬಹಳ ಏರುತ್ತದೆ. ಸಾಮಾನ್ಯ ಮಹಿಳೆಯರಲ್ಲಿ ಜೀವಮಾನದ ಸಂಭವ ನೂರಕ್ಕೆ ಒಂದರ ಆಸುಪಾಸು. ಮೊದಲನೆಯ ಬಿಆರ್‌ಸಿಎ ಕೆಟ್ಟವರಲ್ಲಿ ನೂರಕ್ಕೆ ನಲವತ್ತರ ಸುಮಾರು. ಈ ಜೀನು ತಾಯಿಯಿಂದ ಬಂದಷ್ಟೇ ಸುಲಭವಾಗಿ ತಂದೆಯಿಂದಲೂ ಬರುತ್ತದೆ. ಆದ್ದರಿಂದ ಸೋದರತ್ತೆಯ ಕಾಯಿಲೆಯೂ ಚಿಕ್ಕಮ್ಮನ ಕಾಯಿಲೆಯಷ್ಟೇ ಮುಖ್ಯ.

ಈ ದೋಷವನ್ನೇ ಔಷಧಿಯಾಗಿ ತಿರುಗಿಸಿದ್ದು ಜಾಣತನದ ಕೆಲಸ. ಎರಡು ಬಾವಿಗಳಿರುವ ಒಂದು ಊರನ್ನು ಊಹಿಸಿಕೊಳ್ಳಬಹುದು. ಒಂದು ಬತ್ತಿದರೆ ಇನ್ನೊಂದರಿಂದ ಊರು ಬದುಕುತ್ತದೆ. ಎರಡೂ ಹೋದರೆ ಉಳಿಗಾಲವಿಲ್ಲ. ಜೀವಕೋಶದಲ್ಲಿ ಬಿಆರ್‌ಸಿಎ ಒಂದು ಬಾವಿ, ‘ಪಾರ್ಪ್’ ಎಂಬ ಕಿಣ್ವ ಇನ್ನೊಂದು. ಇಂಥ ರೋಗಿಗಳ ಕ್ಯಾನ್ಸರ್ ಕೋಶದಲ್ಲಿ ಬಿಆರ್‌ಸಿಎ ಬಾವಿ ಮೊದಲೇ ಬತ್ತಿದೆ. ಪಾರ್ಪ್ ಕಿಣ್ವವನ್ನೂ ತಡೆದರೆ ಆ ಕೋಶಗಳು ಸಾಯುತ್ತವೆ. ಆರೋಗ್ಯವಂತ ಕೋಶಗಳು ಬದುಕಿಕೊಳ್ಳುತ್ತವೆ. ಹೀಗೆ ತಡೆಯುವ ‘ಓಲಾಪರಿಬ್’ ಗುಳಿಗೆಗೆ ೨೦೧೪ರಲ್ಲಿ ಒಪ್ಪಿಗೆ ದೊರೆಯಿತು. ಬಿಆರ್‌ಸಿಎ ದೋಷವಿದ್ದು, ಮುಂದುವರಿದ ಹಂತದಲ್ಲಿ ಪತ್ತೆಯಾಗಿ, ಮೊದಲ ಚಿಕಿತ್ಸೆಗೆ ಸ್ಪಂದಿಸಿದ ಮಹಿಳೆಯರಿಗೆ ಇದನ್ನು ಕೊಟ್ಟು ನೋಡಿದ ಒಂದು ಅಧ್ಯಯನದಲ್ಲಿ ಏಳು ವರ್ಷಗಳ ನಂತರ ನೂರಕ್ಕೆ ೬೭ ಮಂದಿ ಬದುಕಿದ್ದರು. ಹುಸಿ ಗುಳಿಗೆ ಪಡೆದ ಗುಂಪಿನಲ್ಲಿ ಈ ಸಂಖ್ಯೆ ೪೭ಕ್ಕಿಂತ ಕಡಿಮೆ.

ಚಿಕಿತ್ಸೆಯ ದಿನಗಳು

ಅಂಕಿಗಳ ಹಿಂದೆ ಮನುಷ್ಯರಿದ್ದಾರೆ. ಹೊಸ ಕಾಲದ ಚಿಕಿತ್ಸೆಯ ಅನುಭವವನ್ನು ಬಹಿರಂಗವಾಗಿ ಹೇಳಿಕೊಂಡವರಲ್ಲಿ ನೇಪಾಳ ಮೂಲದ ನಟಿ ಮನೀಷಾ ಕೊಯಿರಾಲಾ ಒಬ್ಬರು. ‘ಬಾಂಬೆ’ ಚಿತ್ರದಿಂದ ದಕ್ಷಿಣದವರಿಗೂ ಪರಿಚಿತರು. ೨೦೧೨ರ ಕೊನೆಗೆ, ನಲವತ್ತೆರಡನೆಯ ವಯಸ್ಸಿನಲ್ಲಿ, ಕಠ್ಮಂಡುವಿನಲ್ಲಿ ಅವರಿಗೆ ಅಂಡಾಶಯದ ಕ್ಯಾನ್ಸರ್ ಪತ್ತೆಯಾಯಿತು. ಕಾಯಿಲೆ ಆಗಲೇ ಮುಂದುವರಿದಿತ್ತು. ಡಿಸೆಂಬರಿನಲ್ಲಿ ನ್ಯೂಯಾರ್ಕ್‌ನಲ್ಲಿ ದೀರ್ಘ ಶಸ್ತ್ರಚಿಕಿತ್ಸೆ, ಬಳಿಕ ತಿಂಗಳುಗಟ್ಟಲೆ ಕೀಮೋಥೆರಪಿ. ಕೂದಲು ಉದುರಿತು. ಹಲವು ಸ್ನೇಹಿತರು ದೂರ ಸರಿದರು, ಜೊತೆಗೆ ನಿಂತವರು ಮನೆಯವರು ಎಂದು ಅವರು ಸಂದರ್ಶನಗಳಲ್ಲಿ ಹೇಳಿದ್ದಾರೆ. ೨೦೧೮ರಲ್ಲಿ ಈ ಅನುಭವವನ್ನು ಪುಸ್ತಕವಾಗಿ ಬರೆದರು. ಮತ್ತೆ ನಟನೆಗೆ ಮರಳಿದರು. ನ್ಯೂಯಾರ್ಕಿಗೆ ಹೋಗುವ ಶಕ್ತಿ ಎಲ್ಲರಿಗೂ ಇರುವುದಿಲ್ಲ, ನಿಜ. ಆದರೆ ಅದೇ ಮೂಲ ಔಷಧಿಗಳು ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ದೊರೆಯುತ್ತವೆ.

ಚಿಕಿತ್ಸೆಯ ದಿನಗಳಲ್ಲಿ ಮನೆಯವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಕೂದಲು ಉದುರುವುದು ತಾತ್ಕಾಲಿಕ. ಔಷಧಿ ಮುಗಿದ ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ. ಬೆರಳ ತುದಿಗಳು ಜೋಮು ಹಿಡಿದು ಲೋಟ ಕೈಜಾರಬಹುದು, ಗುಂಡಿ ಹಾಕಿಕೊಳ್ಳುವುದು ಕಷ್ಟವಾಗಬಹುದು. ಅದು ಅಜಾಗರೂಕತೆಯಲ್ಲ, ನರಗಳ ಮೇಲೆ ಔಷಧಿಯ ಪರಿಣಾಮ. ಔಷಧಿ ಕೊಟ್ಟ ನಂತರದ ವಾರಗಳಲ್ಲಿ ರಕ್ತದ ಬಿಳಿಕಣಗಳು ಇಳಿದು ಸೋಂಕನ್ನು ಎದುರಿಸುವ ಶಕ್ತಿ ಕುಗ್ಗಿರುತ್ತದೆ. ಆ ದಿನಗಳಲ್ಲಿ ಜ್ವರ ಬಂದರೆ ಗುಳಿಗೆ ನುಂಗಿಸಿ ಮಲಗಿಸಬಾರದು, ರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಬೇಕು. ಕ್ಯಾನ್ಸರ್ ಅಂಟುರೋಗವಲ್ಲ, ತಟ್ಟೆ ಲೋಟ ಬೇರೆ ಇಡುವ ಅಗತ್ಯವಿಲ್ಲ.

ಚಿಕಿತ್ಸೆ ಮುಗಿದೊಡನೆ ಆತಂಕ ಮುಗಿಯುವುದಿಲ್ಲ. ಮುಂದುವರಿದ ಹಂತದಲ್ಲಿ ಪತ್ತೆಯಾದವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಮರುಕಳಿಸುತ್ತದೆ. ಕೆಲವು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕು. ವರದಿ ಕೈಸೇರುವವರೆಗಿನ ರಾತ್ರಿಗಳು ಉದ್ದವಾಗಿರುತ್ತವೆ. ‘ಎಲ್ಲ ವಾಸಿಯಾಯಿತಲ್ಲ, ಇನ್ನೇಕೆ ಚಿಂತೆ?’ ಎಂದು ಬಾಯಿ ಮುಚ್ಚಿಸುವುದಕ್ಕಿಂತ, ಆ ದಿನ ಮಗನೋ ಮಗಳೋ ಜೊತೆಗೆ ಹೋಗಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತರೆ ಹೆಚ್ಚು ಉಪಕಾರವಾದೀತು.

ಗಮನಿಸಬೇಕಾದ ನಾಲ್ಕು ಲಕ್ಷಣಗಳು

ಔಷಧಿಗಳು ಇಷ್ಟು ಬದಲಾದರೂ ಕಾಯಿಲೆ ತನ್ನ ಇರವನ್ನು ತಿಳಿಸುವ ರೀತಿ ೧೯೫೬ರಲ್ಲಿ ಇದ್ದಂತೆಯೇ ಇದೆ. ಹೊಟ್ಟೆ ಉಬ್ಬರ, ಹೊಟ್ಟೆ ಅಥವಾ ಕಿಬ್ಬೊಟ್ಟೆಯ ನೋವು, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು. ಈ ನಾಲ್ಕೂ ಎಲ್ಲರಿಗೂ ಆಗಾಗ ಬಂದುಹೋಗುವಂಥವು. ಬಹುಪಾಲು ಸಲ ಕಾರಣ ಸಣ್ಣದೇ. ಗಮನಿಸಬೇಕಾದದ್ದು ಹೊಸದಾಗಿ ಶುರುವಾಗಿ, ಬಿಡದೆ, ತಿಂಗಳಲ್ಲಿ ಹನ್ನೆರಡಕ್ಕಿಂತ ಹೆಚ್ಚು ದಿನ ಕಾಡಿದರೆ. ಋತುಬಂಧದ ನಂತರದ ವಯಸ್ಸಿನಲ್ಲಂತೂ ಎಚ್ಚರ ಹೆಚ್ಚು ಬೇಕು.

ನಮ್ಮ ಮನೆಗಳಲ್ಲಿ ಇದನ್ನು ಗುರುತಿಸುವುದು ಇನ್ನೂ ಕಷ್ಟ. ಸೀರೆಗೆ ಸೊಂಟದ ಅಳತೆ ಎಂಬುದಿಲ್ಲ. ಒಳಲಂಗದ ಲಾಡಿಯನ್ನು ದಿನವೂ ಹೊಸದಾಗಿ ಕಟ್ಟುವುದರಿಂದ ಹೊಟ್ಟೆ ದಪ್ಪವಾದದ್ದು ಉಟ್ಟವರಿಗೇ ತಿಳಿಯುವುದಿಲ್ಲ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣಲು ಕುಳಿತ ತಾಯಿ ನಾಲ್ಕು ತುತ್ತಿಗೇ ಎದ್ದರೆ ನೋಡುವವರು ಯಾರು? ಗ್ಯಾಸ್ ಎಂದು ಓಮದ ಕಷಾಯ, ವಯಸ್ಸಾಯಿತೆಂದು ಸಮಾಧಾನ. ಹೀಗೇ ತಿಂಗಳುಗಳು ಉರುಳುತ್ತವೆ.

ಎರಡು ತಪ್ಪು ಭರವಸೆಗಳನ್ನೂ ಬಿಡಬೇಕು. ಪ್ಯಾಪ್ ಪರೀಕ್ಷೆ ಸರಿಯಿದ್ದರೆ ಅಂಡಾಶಯವೂ ಸರಿಯಿದೆ ಎಂದರ್ಥವಲ್ಲ. ಗರ್ಭಕೋಶ ತೆಗೆಸಿದವರಲ್ಲಿ ಎಷ್ಟೋ ಜನರಿಗೆ ಅಂಡಾಶಯಗಳು ಉಳಿದೇ ಇರುತ್ತವೆ. ಏನನ್ನು ತೆಗೆದಿದ್ದಾರೆ, ಏನನ್ನು ಬಿಟ್ಟಿದ್ದಾರೆ ಎಂಬುದು ಆಸ್ಪತ್ರೆಯ ಕಾಗದದಲ್ಲಿರುತ್ತದೆ, ಓದಿ ಜೋಪಾನವಾಗಿಡಬೇಕು. ರಕ್ತಸಂಬಂಧಿಗಳಲ್ಲಿ ಅಂಡಾಶಯದ ಅಥವಾ ಚಿಕ್ಕ ವಯಸ್ಸಿನಲ್ಲೇ ಸ್ತನದ ಕ್ಯಾನ್ಸರ್ ಬಂದವರಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ಈ ಮಾತನ್ನು ಸಂಬಂಧ ಕುದುರಿಸುವಾಗ ಅಡ್ಡಿಯಾದೀತೆಂದು ಮುಚ್ಚಿಡುವ ಕುಟುಂಬಗಳುಂಟು. ಮುಚ್ಚಿಟ್ಟರೆ ನಷ್ಟ ಅದೇ ಮನೆಯ ಹೆಣ್ಣುಮಗಳಿಗೆ.

ಲಕ್ಷಣ ಕಂಡು ಕೂಡಲೇ ಹೋದವರಿಗೆಲ್ಲ ಕಾಯಿಲೆ ಮೊದಲ ಹಂತದಲ್ಲೇ ಸಿಗುತ್ತದೆಂಬ ಭರವಸೆ ಇಲ್ಲ. ಆದರೆ ದೇಹ ಕೃಶವಾಗುವ ಮೊದಲು, ಶಸ್ತ್ರಚಿಕಿತ್ಸೆ ತಡೆದುಕೊಳ್ಳುವ ಶಕ್ತಿ ಇರುವಾಗ ಚಿಕಿತ್ಸೆ ಶುರುವಾಗುತ್ತದೆ. ಮೊದಲ ಹೆಜ್ಜೆ ಸ್ತ್ರೀರೋಗ ತಜ್ಞರ ತಪಾಸಣೆ ಮತ್ತು ಒಂದು ಅಲ್ಟ್ರಾಸೌಂಡ್ ಸ್ಕ್ಯಾನ್. ತಾಲ್ಲೂಕು ಮಟ್ಟದಲ್ಲೂ ಇದು ಸಾಧ್ಯ.

ಅದಕ್ಕೂ ಮೊದಲಿನ ಹೆಜ್ಜೆಗೆ ಯಂತ್ರ ಬೇಡ, ಖರ್ಚಿಲ್ಲ, ಮಕ್ಕಳೂ ಇಡಬಲ್ಲರು. ‘ಅಮ್ಮ, ಯಾಕೆ ಇಷ್ಟೇ ಊಟ ಮಾಡಿದೆ? ಎಷ್ಟು ದಿನದಿಂದ ಹೀಗಾಗ್ತಿದೆ?’ ಎಂದು ಕೇಳಬೇಕು. ‘ಏನಿಲ್ಲ ಬಿಡು’ ಎಂಬ ಉತ್ತರ ಬಂದರೆ ಮಾರನೆಯ ದಿನ ಮತ್ತೆ ಕೇಳಬೇಕು.